ದೀಪಧಾರಿಣಿ

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಉಳಿದವರೆಲ್ಲರ ಮನಸ್ಸೂ ಅವರ ಹಾಸಿಗೆಯ ಸುತ್ತಲೇ ಸುಳಿಯುತ್ತಿರುತ್ತದೆ. ತಾಯಿ ನಿದ್ದೆಗೆಡುತ್ತಾಳೆ; ತಂದೆ ವೈದ್ಯರಲ್ಲಿಗೆ ಓಡುತ್ತಾನೆ; ನೆರೆಹೊರೆಯವರು ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಈ ಮಮತೆ ಮನುಷ್ಯನಿಗೆ ಸಹಜವಾದುದು. ಆದರೆ ರೋಗಿ ಗುಣಮುಖನಾಗಲು ಮಮತೆಯೊಂದೇ ಸಾಲದು. ಕಿಟಕಿಯನ್ನು ಯಾವಾಗ ತೆರೆಯಬೇಕು, ಯಾವ ಹೊತ್ತಿನಲ್ಲಿ ಎಷ್ಟು ಆಹಾರ ಕೊಡಬೇಕು, ಯಾವ ಲಕ್ಷಣ ಕಂಡಾಗ ಕೂಡಲೇ ವೈದ್ಯರಿಗೆ ತಿಳಿಸಬೇಕು ಎಂಬುದನ್ನು ಅರಿತು ನಡೆಯುವ ತಿಳಿವಳಿಕೆ ಬೇಕು. ಹೊತ್ತಿಗೆ ತಕ್ಕ ವಿವೇಚನೆ ಬೇಕು. ರೋಗಿಯ ಶುಶ್ರೂಷೆ ಕಲಿತು ಮಾಡಬೇಕಾದ ಒಂದು ವಿದ್ಯೆ ಎಂಬುದನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಗ್ರಗಣ್ಯಳು. ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಕರುಣಾಮಯಿ ಎಂದು ಆಕೆಯನ್ನು ಎಲ್ಲರೂ ಬಲ್ಲರು. ಆ ದೀಪದ ಬೆಳಕಿನಲ್ಲಿ ಆಕೆ ಏನನ್ನು ನೋಡಿದಳು, ನೋಡಿ ಏನನ್ನು ಕಲಿತಳು ಎಂಬುದು ಅಷ್ಟಾಗಿ ತಿಳಿದಿಲ್ಲ. ಆಕೆಯ ಜೀವನದ ನಿಜವಾದ ಹಿರಿಮೆ ಇರುವುದು ಅಲ್ಲಿಯೇ.

ಫ್ಲಾರೆನ್ಸ್ ನೈಟಿಂಗೇಲ್ 1820ನೆಯ ಇಸವಿ ಮೇ ತಿಂಗಳ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಆಕೆಯ ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತ ಮನೆತನದವರು. ಆಗ ಯೂರೋಪಿನ ಪ್ರವಾಸದಲ್ಲಿದ್ದರು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ವಿದ್ಯಾಪ್ರೇಮಿ. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಬೇಡವೆಂದು ತಿಳಿದಿದ್ದ ಆ ಕಾಲದಲ್ಲಿ ಆತ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾನೇ ಕಲಿಸಿದ. ಅಕ್ಕ ಪಾರ್ಥೆನೋಪಳಿಗೆ ಚಿತ್ರ, ಕಸೂತಿಗಳಲ್ಲಿ ಒಲವು. ಫ್ಲಾರೆನ್ಸಳಿಗೆ ಗಣಿತದಲ್ಲಿ ತೀರದ ಆಸಕ್ತಿ. ಅಂಕಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಹೋಲಿಸಿ, ಅವುಗಳ ಹಿಂದಿನ ಅರ್ಥವನ್ನು ಹುಡುಕುವ ಹವ್ಯಾಸ ಅವಳಿಗೆ ಎಳವೆಯಲ್ಲೇ ಬೆಳೆಯಿತು. ಮುಂದೆ ಸಾವಿರಾರು ಜೀವಗಳನ್ನು ಉಳಿಸಲು ಈ ಹವ್ಯಾಸವೇ ನೆರವಾಗುವುದೆಂದು ಆಗ ಯಾರೂ ಊಹಿಸಿರಲಿಲ್ಲ.

ಹದಿನಾರು ವರ್ಷ ತುಂಬಿದ್ದ ಫ್ಲಾರೆನ್ಸ್ 1837ರ ಫೆಬ್ರವರಿಯಲ್ಲಿ ತನ್ನನ್ನು ದೇವರು ಸೇವೆಗೆ ಕರೆದನೆಂದು ಭಾವಿಸಿದಳು. ಆದರೆ ಯಾವ ಸೇವೆ ಎಂಬುದು ಸ್ಪಷ್ಟವಾಗಲು ಹಲವು ವರ್ಷಗಳು ಹಿಡಿದವು. ತಮ್ಮ ಬಂಗಲೆಯ ಸುತ್ತಣ ಹಳ್ಳಿಗಳ ಬಡವರ ಗುಡಿಸಲುಗಳಿಗೆ ಹೋಗಿ ಕಾಯಿಲೆಯವರನ್ನು ಉಪಚರಿಸುವಾಗ ಅವಳಿಗೆ ಒಂದು ಸತ್ಯ ಹೊಳೆಯಿತು. ಮನಸ್ಸಿನಲ್ಲಿ ಕನಿಕರ ಎಷ್ಟಿದ್ದರೂ ಕೈಗೆ ಕೆಲಸ ತಿಳಿಯದಿದ್ದರೆ ರೋಗಿಗೆ ಪ್ರಯೋಜನವಿಲ್ಲ. ಆದುದರಿಂದ 1845ರಲ್ಲಿ ಆಕೆ ಸಾಲ್ಸ್‌ಬರಿಯ ಆಸ್ಪತ್ರೆಗೆ ಹೋಗಿ ಕೆಲವು ತಿಂಗಳು ಶುಶ್ರೂಷೆಯನ್ನು ಕಲಿಯುವುದಾಗಿ ಮನೆಯಲ್ಲಿ ತಿಳಿಸಿದಳು. ಮನೆಯವರು ದಿಗಿಲುಗೊಂಡರು. ತಾಯಿಗೆ ಕೋಪ, ಅಕ್ಕನಿಗೆ ಅಳು.

ಅವರು ಹಾಗೆ ದಿಗಿಲುಗೊಳ್ಳಲು ಕಾರಣವೂ ಇತ್ತು. ಅಂದಿನ ಆಸ್ಪತ್ರೆಗಳು ಕೊಳಕಿನ ಬೀಡಾಗಿದ್ದವು. ಬೇರೆ ಗತಿಯಿಲ್ಲದ ಬಡವರು ಮಾತ್ರ ಅಲ್ಲಿಗೆ ಸೇರುತ್ತಿದ್ದರು. ದಾದಿಯರಿಗೆ ತರಬೇತಿಯೂ ಇರಲಿಲ್ಲ, ಗೌರವವೂ ಇರಲಿಲ್ಲ. ಅವರಲ್ಲಿ ಅನೇಕರಿಗೆ ಕುಡುಕಿಯರೆಂಬ ಅಪಖ್ಯಾತಿ ಇತ್ತು. ಕುಲೀನ ಮನೆತನದ ಹೆಣ್ಣುಮಗಳು ಅಂಥ ಕಡೆ ಕಾಲಿಡುವುದೆಂದರೆ ಮನೆತನಕ್ಕೆ ಕಳಂಕವೆಂದು ಜನ ತಿಳಿದಿದ್ದರು. ಫ್ಲಾರೆನ್ಸ್ ಎದುರುತ್ತರ ಕೊಟ್ಟು ಜಗಳವಾಡಲಿಲ್ಲ. ಹಿಡಿದ ಹಾದಿಯನ್ನು ಬಿಡಲೂ ಇಲ್ಲ. ಬೆಳಗಾಗುವ ಮುನ್ನವೇ ಎದ್ದು, ಮನೆಯವರು ಮಲಗಿರುವಾಗ, ಹಲವು ದೇಶಗಳ ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಓದಿದಳು. ಅಂಕಿ ಅಂಶಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಳು. ತನ್ನನ್ನು ಮದುವೆಯಾಗಲು ವರ್ಷಗಳ ಕಾಲ ಕಾದಿದ್ದ ಸಜ್ಜನನೊಬ್ಬನನ್ನು ಮೆಚ್ಚಿದ್ದರೂ, ಕೈಹಿಡಿಯಬೇಕಾದ ಕೆಲಸಕ್ಕೆ ಸಂಸಾರ ಅಡ್ಡಿಯಾದೀತೆಂದು ನಿರಾಕರಿಸಿದಳು.

ಕೊನೆಗೆ 1851ರಲ್ಲಿ ಆಕೆಯ ಹಂಬಲ ಕೈಗೂಡಿತು. ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿಯೊಬ್ಬರು ನಡೆಸುತ್ತಿದ್ದ ಸೇವಾಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ಇದ್ದು ರೋಗಿಗಳ ಆರೈಕೆಯನ್ನು ಕಲಿತಳು. 1853ರ ಆಗಸ್ಟ್ ತಿಂಗಳಿನಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿದ್ದ ಮಹಿಳೆಯರ ಚಿಕಿತ್ಸಾಲಯವೊಂದರ ಮೇಲ್ವಿಚಾರಕಿಯಾದಳು. ದಾದಿಯರು ಬಿಸಿನೀರಿಗಾಗಿಯೂ ಊಟದ ತಟ್ಟೆಗಳಿಗಾಗಿಯೂ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ದಣಿದರೆ ರೋಗಿಯ ಬಳಿ ನಿಲ್ಲಲು ಅವರಿಗೆ ಹೊತ್ತೆಲ್ಲಿ? ಇದನ್ನು ಮೊದಲೇ ಯೋಚಿಸಿದ ಆಕೆ ಕೊಳವೆಯ ಮೂಲಕ ಪ್ರತಿ ಮಹಡಿಗೂ ಬಿಸಿನೀರು ಬರಬೇಕೆಂದಳು. ಊಟವನ್ನು ಮೇಲಕ್ಕೆ ಎಳೆಯುವ ಯಂತ್ರ ಬೇಕೆಂದಳು. ಯಾವ ರೋಗಿ ಕರೆಯುತ್ತಿದ್ದಾರೆಂದು ತಿಳಿಸುವ ಗಂಟೆಗಳ ಏರ್ಪಾಟು ಬೇಕೆಂದಳು. ಶುಶ್ರೂಷೆಯ ವಿವೇಚನೆ ಇಂಥ ಸಣ್ಣ ಸಂಗತಿಗಳಲ್ಲಿಯೇ ಆರಂಭವಾಗುತ್ತದೆ.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂದಿತು. ರಷ್ಯಾದ ವಿರುದ್ಧ ತುರ್ಕಿಯ ಪರವಾಗಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು 1854ರಲ್ಲಿ ಯುದ್ಧಕ್ಕೆ ಇಳಿದವು. ಗಾಯಗೊಂಡ ಇಂಗ್ಲಿಷ್ ಸೈನಿಕರನ್ನು ಕಪ್ಪು ಸಮುದ್ರದ ಮೇಲೆ ಹಡಗುಗಳಲ್ಲಿ ತುಂಬಿ ಇಸ್ತಾಂಬುಲ್ ನಗರದ ಎದುರು ದಡದಲ್ಲಿದ್ದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ಅವರಿಗೆ ಸರಿಯಾದ ಆರೈಕೆ ಇಲ್ಲವೆಂಬ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾದಾಗ ಇಂಗ್ಲೆಂಡಿನ ಜನ ಕೆರಳಿದರು. ಯುದ್ಧಖಾತೆಯ ಹೊಣೆ ಹೊತ್ತಿದ್ದ ಸಿಡ್ನಿ ಹರ್ಬರ್ಟ್ ನೈಟಿಂಗೇಲಳನ್ನು ಬಲ್ಲವನಾಗಿದ್ದ. ದಾದಿಯರ ತಂಡವೊಂದನ್ನು ಕರೆದುಕೊಂಡು ಹೋಗುವಂತೆ ಆತ ಕೇಳಿಕೊಂಡ. 1854ರ ಅಕ್ಟೋಬರ್ 21ರಂದು 38 ಮಂದಿ ದಾದಿಯರೊಡನೆ ಲಂಡನ್ ಬಿಟ್ಟ ಆಕೆ ನವೆಂಬರ್ 4ರಂದು ಸ್ಕುಟಾರಿಯನ್ನು ತಲುಪಿದಳು.

ಅಲ್ಲಿನ ಆಸ್ಪತ್ರೆ ಮೂಲತಃ ಸೈನಿಕರ ವಸತಿಗಾಗಿ ಕಟ್ಟಿದ ಭಾರಿ ಕಟ್ಟಡ. ಅದರ ಉದ್ದನೆಯ ಓಣಿಗಳಲ್ಲಿ ರೋಗಿಗಳು ನೆಲದ ಮೇಲೆ ಸಾಲುಸಾಲಾಗಿ ಮಲಗಿದ್ದರು. ರಕ್ತ ಹೆಪ್ಪುಗಟ್ಟಿದ ಉಡುಪನ್ನು ಬದಲಾಯಿಸಲು ಅಂಗಿ ಇಲ್ಲ, ಒಗೆಯಲು ಸಾಬೂನಿಲ್ಲ, ಕುಡಿಯಲು ಬಟ್ಟಲಿಲ್ಲ. ನೆಲದಡಿಯ ಚರಂಡಿಗಳು ಕಟ್ಟಿಕೊಂಡು ದುರ್ನಾತ ಹೊಮ್ಮುತ್ತಿತ್ತು. ಇಲಿ ಹೇನುಗಳ ಕಾಟ ಹೇಳತೀರದು. ಇಷ್ಟಾದರೂ ಸೈನ್ಯದ ವೈದ್ಯರು ಹೊಸದಾಗಿ ಬಂದ ಹೆಂಗಸರನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಇವರು ತಮ್ಮ ಕೆಲಸದಲ್ಲಿ ತಲೆಹಾಕಲು ಬಂದವರೆಂದು ಅವರಿಗೆ ಅನುಮಾನ.

ನೈಟಿಂಗೇಲಳ ವಿವೇಕ ಬೆಳಕಿಗೆ ಬಂದುದು ಈ ಸಂದರ್ಭದಲ್ಲಿ. ಕಣ್ಣೆದುರಿಗೆ ರೋಗಿಗಳು ನರಳುತ್ತಿದ್ದರೂ ವೈದ್ಯರ ಅಪ್ಪಣೆಯಿಲ್ಲದೆ ಯಾವ ದಾದಿಯೂ ರೋಗಿಯ ಆರೈಕೆಗೆ ಕೈಹಾಕಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದಳು. ಅವರನ್ನು ದಿಂಬುಗಳನ್ನು ಹೊಲಿಯಲು, ಗಾಯದ ಪಟ್ಟಿಗಳನ್ನು ಸಿದ್ಧಪಡಿಸಲು ಹಚ್ಚಿದಳು. ಇದು ಕಲ್ಲುಮನಸ್ಸಿನ ನಡತೆಯೆಂದು ಕೆಲವರಿಗೆ ತೋರಿತು. ಆದರೆ ವೈದ್ಯರ ನಂಬಿಕೆಯನ್ನು ಕಳೆದುಕೊಂಡರೆ ಆಸ್ಪತ್ರೆಯ ಬಾಗಿಲೇ ಮುಚ್ಚಿಹೋಗುವುದೆಂದು ಆಕೆಗೆ ತಿಳಿದಿತ್ತು. ಹೆಚ್ಚು ದಿನ ಕಾಯಬೇಕಾಗಲಿಲ್ಲ. ಇಂಕರ್ಮನ್ ಕದನದ ಗಾಯಾಳುಗಳು ಹಡಗುಗಟ್ಟಲೆ ಬಂದಿಳಿದಾಗ ವೈದ್ಯರು ತಾವಾಗಿಯೇ ಆಕೆಯ ನೆರವು ಬೇಡಿದರು.

ಅಂದಿನಿಂದ ಕೆಲಸ ಭರದಿಂದ ಸಾಗಿತು. ನೆಲ ಉಜ್ಜುವ ಕುಂಚಗಳು ಬಂದವು. ಹತ್ತಿರದ ಮನೆಯೊಂದನ್ನು ಬಾಡಿಗೆಗೆ ಹಿಡಿದು, ನೀರು ಕಾಯಿಸುವ ಹಂಡೆಗಳನ್ನಿಟ್ಟು, ಸೈನಿಕರ ಹೆಂಡಿರಿಂದ ಬಟ್ಟೆ ಒಗೆಸುವ ಏರ್ಪಾಟಾಯಿತು. ಗಟ್ಟಿ ಆಹಾರ ಸೇರದವರಿಗಾಗಿ ಬೇರೆ ಅಡುಗೆಮನೆಗಳು ಸಿದ್ಧವಾದವು. ಸೈನಿಕರ ಪರವಾಗಿ ಅವರ ಮನೆಗಳಿಗೆ ಕಾಗದ ಬರೆಯುವುದು, ಸತ್ತವರ ತಾಯಂದಿರಿಗೆ ಸಮಾಧಾನದ ಮಾತು ತಿಳಿಸುವುದು, ಮನೆಗೆ ಹಣ ಕಳುಹಿಸಲು ನೆರವಾಗುವುದು ಇವೆಲ್ಲವೂ ಆಕೆಯ ಪಾಲಿಗೆ ಬಂದವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಡಿಸಬಹುದಾದ ತುರ್ಕಿ ಕಂದೀಲೊಂದನ್ನು ಹಿಡಿದು ಆ ಉದ್ದನೆಯ ಓಣಿಗಳಲ್ಲಿ ಒಬ್ಬಳೇ ನಡೆಯುತ್ತಿದ್ದಳು. ಯಾರು ನಿದ್ರಿಸುತ್ತಿದ್ದಾರೆ, ಯಾರು ಹೊರಳಾಡುತ್ತಿದ್ದಾರೆ, ಯಾರ ಉಸಿರು ಬದಲಾಗಿದೆ, ಯಾರ ಹೊದಿಕೆ ಜಾರಿದೆ ಎಂದು ನೋಡಿಕೊಂಡು ಹೋಗುತ್ತಿದ್ದಳು. ಸೈನಿಕರಿಗೆ ಆ ಬೆಳಕು ಅಭಯವಾಗಿ ಕಂಡಿತು. ದೀಪಧಾರಿಣಿ ಎಂಬ ಹೆಸರು ಹಬ್ಬಿತು.

ಆದರೆ ಇಲ್ಲಿಗೆ ಕತೆ ಮುಗಿಯಲಿಲ್ಲ. ಇಷ್ಟೆಲ್ಲ ಆರೈಕೆ ನಡೆಯುತ್ತಿದ್ದರೂ ಆ ಚಳಿಗಾಲದಲ್ಲಿ ಸ್ಕುಟಾರಿಯ ಸಾವುಗಳು ಕಡಿಮೆಯಾಗಲಿಲ್ಲ, ಏರುತ್ತಲೇ ಹೋದವು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಶತ್ರುಗಳ ಗುಂಡಲ್ಲ. ಭೇದಿ, ಜ್ವರ, ಕಾಲರಾ ಮೊದಲಾದ ರೋಗಗಳು. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ತಜ್ಞರ ತಂಡವೊಂದು ಬಂದಿತು. ಅವರು ಚರಂಡಿಗಳನ್ನು ತೊಳೆಸಿದರು; ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಪ್ರಾಣಿಗಳ ಹೆಣವನ್ನು ತೆಗೆಸಿದರು; ನೂರಾರು ಕೈಗಾಡಿ ಕಸವನ್ನು ಸಾಗಿಸಿದರು; ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಯಾಡಲು ಕಿಂಡಿಗಳನ್ನು ತೆರೆಸಿದರು. ಜೂನ್ ತಿಂಗಳ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಯುದ್ಧ ಮುಗಿದು 1856ರ ಆಗಸ್ಟ್ ತಿಂಗಳಲ್ಲಿ ನೈಟಿಂಗೇಲ್ ಸ್ವದೇಶಕ್ಕೆ ಮರಳಿದಳು. ಜನ ಮೆರವಣಿಗೆಗಳಿಗೆ ಸಿದ್ಧರಾಗಿದ್ದರು. ಆಕೆ ಹೆಸರು ಮರೆಸಿಕೊಂಡು, ಯಾರಿಗೂ ತಿಳಿಯದಂತೆ ಮನೆ ಸೇರಿದಳು. ಸಾವಿರಾರು ತರುಣರನ್ನು ಮಣ್ಣುಮಾಡಿ ಬಂದವಳಿಗೆ ಹೊಗಳಿಕೆ ಬೇಕಿರಲಿಲ್ಲ. ಅವರು ಸತ್ತದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಅಂಕಿಅಂಶ ಶಾಸ್ತ್ರದಲ್ಲಿ ಪಾರಂಗತನಾಗಿದ್ದ ವಿಲಿಯಂ ಫಾರ್ ಎಂಬಾತನೊಡನೆ ಕುಳಿತು ಸೈನ್ಯದ ದಾಖಲೆಗಳನ್ನೆಲ್ಲ ಜಾಲಾಡಿದಳು. ತಾನು ಹಗಲಿರುಳೂ ದುಡಿದ ಸ್ಕುಟಾರಿಯ ಆಸ್ಪತ್ರೆಯೇ ಸೈನಿಕರ ಸಾವಿಗೆ ಒಂದು ಮುಖ್ಯ ಕಾರಣವಾಗಿತ್ತೆಂಬ ಕಹಿಸತ್ಯ ಆ ಅಂಕಿಗಳಿಂದ ಹೊರಬಿತ್ತು. ಗಾಯದಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರ ಸಂಖ್ಯೆ ಹಲವು ಪಟ್ಟು ಹೆಚ್ಚಾಗಿತ್ತು.

ಬೇರೊಬ್ಬರಾಗಿದ್ದರೆ ಈ ಸತ್ಯವನ್ನು ಮುಚ್ಚಿಡುತ್ತಿದ್ದರೇನೋ. ನೈಟಿಂಗೇಲ್ ಅದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಚಿತ್ರವಾಗಿ ಬರೆಸಿದಳು. ವೃತ್ತವನ್ನು ಹನ್ನೆರಡು ತಿಂಗಳುಗಳಾಗಿ ಭಾಗಿಸಿ, ತಡೆಯಬಹುದಾದ ರೋಗಗಳ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಇತರ ಕಾರಣಗಳಿಗೆ ಕಪ್ಪು ಬಣ್ಣ ಹಚ್ಚಿಸಿದಳು. ನೀಲಿ ಬಣ್ಣ ಹೂವಿನ ಎಸಳುಗಳಂತೆ ಹೊರಚಾಚಿ ಉಳಿದೆರಡು ಬಣ್ಣಗಳನ್ನೂ ನುಂಗಿಬಿಟ್ಟಿತ್ತು. ಅಂಕಿಗಳನ್ನು ಓದಲು ಬೇಸರಪಡುವ ಮಂತ್ರಿಗಳೂ ಈ ಚಿತ್ರದಿಂದ ಮುಖ ತಿರುಗಿಸುವಂತಿರಲಿಲ್ಲ. ಸೈನ್ಯದ ವಸತಿ, ಆಹಾರ, ಆಸ್ಪತ್ರೆಗಳಲ್ಲಿ ಸುಧಾರಣೆಗಳು ಆರಂಭವಾದವು. 1858ರಲ್ಲಿ ಲಂಡನ್ನಿನ ಅಂಕಿಅಂಶ ಸಂಘ ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆಯೇ.

ಕ್ರಿಮಿಯಾದಲ್ಲಿ ತಗಲಿದ ತೀವ್ರ ಜ್ವರ ಆಕೆಯ ಆರೋಗ್ಯವನ್ನು ಮುರಿದಿತ್ತು. ಮೂವತ್ತೇಳರ ವಯಸ್ಸಿನಿಂದ ಮುಂದೆ ಆಕೆ ಬಹುಕಾಲ ಹಾಸಿಗೆಯ ಮೇಲೆಯೇ ಇರಬೇಕಾಯಿತು. ರೋಗಿಗಳನ್ನು ನೋಡಿಕೊಂಡವಳು ತಾನೇ ರೋಗಿಯಾದಳು. ಬಾಗಿಲಾಚೆಯ ಪಿಸುಮಾತು ರೋಗಿಯನ್ನು ಹೇಗೆ ಕಾಡುತ್ತದೆ, ನಾಲ್ಕು ಗೋಡೆಗಳನ್ನೇ ದಿನವೆಲ್ಲ ನೋಡುತ್ತ ಮಲಗಿದವರಿಗೆ ಒಂದು ಹೂವಿನ ಬಣ್ಣ ಎಷ್ಟು ಆಪ್ಯಾಯಮಾನವಾಗುತ್ತದೆ ಎಂಬುದನ್ನು ಆಕೆ ಅನುಭವದಿಂದ ಅರಿತಳು. ಈ ಅರಿವೆಲ್ಲವನ್ನೂ ಒಟ್ಟುಗೂಡಿಸಿ 1859ರಲ್ಲಿ ಶುಶ್ರೂಷೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದಳು. ಅದು ದಾದಿಯರ ಪಠ್ಯವಾಗಿರಲಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಸಾಮಾನ್ಯ ಜನರಿಗಾಗಿ ಬರೆದುದು. 1861ರಲ್ಲಿ ದುಡಿಯುವ ವರ್ಗದವರಿಗಾಗಿ ಅದರ ಅಗ್ಗದ ಆವೃತ್ತಿಯನ್ನು ತಂದಾಗ, ತಮ್ಮ ತಂಗಿಯರನ್ನು ಎತ್ತಿ ಆಡಿಸುವ ಹುಡುಗಿಯರಿಗೆಂದೇ ಶಿಶುಪಾಲನೆಯ ಅಧ್ಯಾಯವೊಂದನ್ನು ಸೇರಿಸಿದಳು.

ಈ ಪುಸ್ತಕದ ಮಾತುಗಳು ಇಂಗ್ಲೆಂಡಿನ ಮನೆಗಳಿಗಷ್ಟೇ ಅನ್ವಯಿಸುವಂಥವಲ್ಲ. ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನಲ್ಲಿ ಅರಳಗುಪ್ಪೆ ಎಂಬ ಊರಿದೆ. ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದಿಂದ, ಅದರ ಒಳಮಾಳಿಗೆಯಲ್ಲಿ ದಿಕ್ಪಾಲಕರ ನಡುವೆ ನರ್ತಿಸುವ ಶಿವನ ಶಿಲ್ಪದಿಂದ ಹೆಸರಾದ ಊರು ಅದು. ಸುತ್ತಲೂ ತೆಂಗಿನ ತೋಟಗಳು. ಅಲ್ಲಿಯ ಹಳೆಯ ಮನೆಯೊಂದರಲ್ಲಿ ವಯಸ್ಸಾದ ತಾತನೊಬ್ಬ ಜ್ವರದಿಂದ ಮಲಗಿದ್ದಾನೆಂದು ಭಾವಿಸಿಕೊಳ್ಳಬಹುದು. ನೈಟಿಂಗೇಲಳ ಪುಸ್ತಕ ಆ ಮನೆಗೆ ಬಂದರೆ ಏನು ಹೇಳೀತು?

ಮೊದಲು ಅದು ಗಾಳಿಯ ಮಾತೆತ್ತುತ್ತದೆ. ಶೀತವಾದೀತೆಂದು ಹೆದರಿ ರೋಗಿಯನ್ನು ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮಲಗಿಸುವುದು ನಮ್ಮಲ್ಲಿ ವಾಡಿಕೆ. ಒಲೆಯ ಹೊಗೆಯೂ ಅಲ್ಲಿಗೇ ನುಗ್ಗುತ್ತದೆ. ಅಟ್ಟದ ಮೇಲಿನ ಕಾಯಿ ಒಣಗಲು ಹೊಗೆ ನೆರವಾಗಬಹುದು. ಕೆಳಗೆ ಮಲಗಿದವನ ಶ್ವಾಸಕೋಶಕ್ಕೆ ಅದು ಶತ್ರು. ಮೈಗೆ ಬೆಚ್ಚನೆಯ ಹೊದಿಕೆ ಹೊದಿಸಿ, ಕೋಣೆಗೆ ಹೊರಗಿನ ಶುದ್ಧವಾದ ಗಾಳಿ ಬರಗೊಡಬೇಕೆಂಬುದು ನೈಟಿಂಗೇಲಳ ಮೊದಲ ಸೂತ್ರ. ಅದರ ಬೆನ್ನಿಗೇ ಬರುವುದು ಬೆಳಕು. ಮಲಗಿದಲ್ಲಿಂದಲೇ ರೋಗಿಗೆ ಆಕಾಶವೋ ತೋಟದ ಹಸಿರೋ ಕಾಣುವಂತಿದ್ದರೆ ಲೇಸು. ದಾದಿಯಾದವಳು ದಿನದಲ್ಲಿ ಮತ್ತೆ ಮತ್ತೆ ಕೈ ತೊಳೆದುಕೊಳ್ಳುತ್ತಿರಬೇಕೆಂದೂ ಆಕೆ ಒತ್ತಿ ಹೇಳಿದಳು.

ಇನ್ನು ಊಟ. ತಾತ ಏನೂ ತಿನ್ನುತ್ತಿಲ್ಲ, ಬಾಯಿಗೆ ರುಚಿ ಇಲ್ಲವಂತೆ ಎಂದು ಮನೆಯವರು ಹೇಳುತ್ತಾರೆ. ನೈಟಿಂಗೇಲ್ ಇಲ್ಲಿ ತಡೆದು ನಿಲ್ಲಿಸುತ್ತಾಳೆ. ರೋಗಿ ಊಟ ಮಾಡದಿರಲು ಆಕೆ ನಾಲ್ಕು ಕಾರಣಗಳನ್ನು ಗುರುತಿಸಿದ್ದಳು: ಅಡುಗೆ ಸರಿಯಾಗಿ ಬೇಯದಿರಬಹುದು, ಆರಿಸಿದ ಆಹಾರವೇ ಹೊಂದದಿರಬಹುದು, ಕೊಟ್ಟ ಹೊತ್ತು ತಪ್ಪಾಗಿರಬಹುದು, ಅಥವಾ ನಿಜವಾಗಿಯೂ ಹಸಿವು ಇಲ್ಲದಿರಬಹುದು. ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಮಧ್ಯಾಹ್ನ ಮುದ್ದೆಯನ್ನು ಮುಟ್ಟದ ತಾತ ಬೆಳಗಿನ ತಂಪು ಹೊತ್ತಿನಲ್ಲಿ ನಾಲ್ಕು ಗುಟುಕು ರಾಗಿ ಗಂಜಿಯನ್ನು ಸಂತೋಷದಿಂದ ಕುಡಿಯಬಹುದು. ತಿನ್ನದೆ ಉಳಿದ ತಟ್ಟೆಯನ್ನು ಆಮೇಲೆ ತಿಂದಾನೆಂದು ಹಾಸಿಗೆಯ ಪಕ್ಕದಲ್ಲೇ ಬಿಟ್ಟರೆ, ಅದನ್ನು ನೋಡಿ ನೋಡಿಯೇ ಇದ್ದ ಹಸಿವೂ ಇಂಗಿಹೋಗುತ್ತದೆ. ಎಳನೀರಿನ ವಿಷಯದಲ್ಲಿಯೂ ವಿವೇಚನೆ ಬೇಕು. ತೆಂಗಿನ ಸೀಮೆಯಲ್ಲಿ ಅದು ಎಲ್ಲ ಕಾಯಿಲೆಗೂ ಒದಗುವ ಪಾನೀಯ. ಬಳಲಿದವರಿಗೆ ಅದು ಹಿತವೇ ಹೌದು. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡಗಳು ಕೆಟ್ಟಿರುವವರಿಗೆ ಅದು ಅಪಾಯಕಾರಿ ಎಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಒಬ್ಬನಿಗೆ ಅಮೃತವಾದುದು ಇನ್ನೊಬ್ಬನಿಗೆ ವಿಷವಾಗಬಲ್ಲದು. ಯಾರಿಗೆ ಯಾವುದು ಎಂದು ಕೇಳಿ ತಿಳಿದು ಕೊಡುವುದೇ ಶುಶ್ರೂಷೆ.

ನೋಡಲು ಬರುವ ನೆಂಟರಿಷ್ಟರ ಬಗೆಗೂ ನೈಟಿಂಗೇಲ್ ಒಂದು ಅಧ್ಯಾಯವನ್ನೇ ಮೀಸಲಿಟ್ಟಳು. ಏನೂ ಆಗಿಲ್ಲ, ಎರಡು ದಿನಕ್ಕೆ ಎದ್ದು ಓಡಾಡುತ್ತೀಯೆ ಎಂದು ರೋಗವನ್ನೇ ಅರಿಯದೆ ಧೈರ್ಯ ಹೇಳುವವರು ಒಂದು ಬಗೆ. ತಮಗೆ ತಿಳಿದ ಮದ್ದುಗಳನ್ನೆಲ್ಲ ಒಪ್ಪಿಸುವವರು ಇನ್ನೊಂದು ಬಗೆ. ಇಬ್ಬರಿಂದಲೂ ರೋಗಿಗೆ ದಣಿವೇ ಹೊರತು ನೆಮ್ಮದಿಯಿಲ್ಲ. ಮಾತಾಡುವವರು ರೋಗಿಯ ಬೆನ್ನ ಹಿಂದೆ ನಿಲ್ಲದೆ, ಅವನು ಕತ್ತು ತಿರುಗಿಸಬೇಕಾಗದಂತೆ ಎದುರಿಗೆ ಕುಳಿತು, ನಿಧಾನವಾಗಿ ಮಾತಾಡಬೇಕು, ಹಾಸಿಗೆಗೆ ಒರಗಬಾರದು. ಇವು ಸಣ್ಣ ವಿಷಯಗಳು. ಆದರೆ ಮಲಗಿದವನ ಲೋಕ ಒಂದು ಹಾಸಿಗೆಯಷ್ಟೇ ಆಗಿರುವಾಗ ಸಣ್ಣದೇ ದೊಡ್ಡದಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ನೈಟಿಂಗೇಲ್ ಕಲಿಸಿದುದು ನೋಡುವ ವಿದ್ಯೆಯನ್ನು. ತೆಂಗಿನ ಸೀಮೆಯ ರೈತ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು, ಆಗಾಗ ಒಂದನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗಿನ ಸದ್ದಿನಿಂದಲೇ ನೀರು ಇಂಗಿದೆಯೋ ಇಲ್ಲವೋ, ಕೊಬ್ಬರಿ ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲ. ಒಡೆಯದೆಯೇ ಒಳಗನ್ನು ಅರಿಯುವ ಈ ಬಲ್ಮೆ ಅವನಿಗೆ ಒಂದೇ ದಿನದಲ್ಲಿ ಬಂದುದಲ್ಲ. ದಾದಿಯ ಬಲ್ಮೆಯೂ ಅಂಥದೇ. ರಾತ್ರಿ ಚೆನ್ನಾಗಿ ನಿದ್ದೆ ಬಂದಿತೆ ಎಂದು ಕೇಳಿದರೆ ರೋಗಿ ಸುಮ್ಮನೆ ತಲೆಯಾಡಿಸುತ್ತಾನೆ. ಎಷ್ಟು ಗಂಟೆ ನಿದ್ರಿಸಿದ, ಯಾವ ಹೊತ್ತಿನಲ್ಲಿ ಎಚ್ಚರವಾಯಿತು ಎಂದು ಕೇಳಿದರೆ ನಿಜ ತಿಳಿಯುತ್ತದೆ. ಮುಖದ ಬಣ್ಣ, ನಾಡಿಯ ಬಡಿತ, ಉಸಿರಿನ ಲಯ, ಕುಡಿದ ನೀರಿನ ಅಳತೆ ಇವನ್ನು ಗಮನಿಸಿ ವೈದ್ಯರಿಗೆ ಹೇಳಬೇಕಾದವರು ಹತ್ತಿರವಿದ್ದವರೇ. ರೋಗಿ ಅನುಭವಿಸುವ ಕಷ್ಟಗಳೆಲ್ಲ ರೋಗದಿಂದಲೇ ಬಂದವಲ್ಲ, ಎಷ್ಟೋ ಕಷ್ಟಗಳು ಆರೈಕೆಯ ಕೊರತೆಯಿಂದ ಬಂದವು ಎಂಬುದು ಆಕೆಯ ಪುಸ್ತಕದ ತಿರುಳು. ಮಗ್ಗುಲು ಬದಲಾಯಿಸದೆ ಒಂದೇ ಕಡೆ ಮಲಗಿದವನ ಬೆನ್ನಿನಲ್ಲಿ ಹುಣ್ಣಾದರೆ ಬಹುಮಟ್ಟಿಗೆ ಅದು ಜ್ವರದ ತಪ್ಪಲ್ಲ, ನೋಡಿಕೊಳ್ಳುವವರ ತಪ್ಪು. ತಾನಿದ್ದಾಗ ನಡೆಯುವ ಆರೈಕೆ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಟು ಮಾಡಬಲ್ಲವಳೇ ಆಕೆಯ ದೃಷ್ಟಿಯಲ್ಲಿ ನಿಜವಾದ ದಾದಿ.

ಆಕೆಯ ತಿಳಿವಳಿಕೆಗೂ ಮಿತಿಯಿತ್ತು. ಕೆಟ್ಟ ಗಾಳಿಯೇ ರೋಗಗಳಿಗೆ ಮೂಲವೆಂದು ಆಕೆ ಬಹುಕಾಲ ನಂಬಿದ್ದಳು. ಸೂಕ್ಷ್ಮಾಣುಗಳ ಪಾತ್ರವನ್ನು ಪಾಶ್ಚರ್ ಮತ್ತು ಕಾಕ್ ಮೊದಲಾದ ವಿಜ್ಞಾನಿಗಳು ಸ್ಥಾಪಿಸಿದ್ದು ಆ ಬಳಿಕ. ಆದರೂ ಶುದ್ಧ ನೀರು, ಶುದ್ಧ ಕೈ, ಶುದ್ಧ ಹಾಸಿಗೆಗಳ ಬಗ್ಗೆ ಆಕೆ ಹೇಳಿದುದು ಕಣ್ಣಾರೆ ಕಂಡು ತಿಳಿದುದಾದ್ದರಿಂದ ಇಂದಿಗೂ ನಿಂತಿದೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಕ್ರಿಮಿಯಾದ ಸೇವೆಗೆ ಕೃತಜ್ಞತೆಯಾಗಿ ಜನ ಕೂಡಿಸಿಕೊಟ್ಟ ನಿಧಿಯೇ ಅದಕ್ಕೆ ಮೂಲಧನ. ಮೊದಲು ಸೇರಿದವರು 15 ಮಂದಿ. ಒಂದು ವರ್ಷದ ತರಬೇತಿ, ನಿಯಮಿತ ಪಾಠಗಳು, ಪ್ರತಿಯೊಬ್ಬರ ನಡತೆ ಮತ್ತು ಕೆಲಸಗಳ ದಾಖಲೆ ಅಲ್ಲಿ ಜಾರಿಗೆ ಬಂದವು. ಅಲ್ಲಿ ಕಲಿತವರು ದೇಶವಿದೇಶಗಳಿಗೆ ಹೋಗಿ ಅಂಥ ಶಾಲೆಗಳನ್ನು ತೆರೆದರು. ಹಿಂದೆ ಹೀನವೆಂದು ತಿಳಿದಿದ್ದ ವೃತ್ತಿ ಗೌರವದ ವೃತ್ತಿಯಾಯಿತು.

ಭಾರತಕ್ಕೆ ನೈಟಿಂಗೇಲ್ ಒಮ್ಮೆಯೂ ಬರಲಿಲ್ಲ. ಆದರೆ ಮಲಗಿದ ಹಾಸಿಗೆಯಿಂದಲೇ ನಾಲ್ವತ್ತು ವರ್ಷ ಭಾರತದ ಆರೋಗ್ಯವನ್ನು ಕುರಿತು ಚಿಂತಿಸಿದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಬೆಂಗಳೂರಿನ ದಂಡುಪ್ರದೇಶವೂ ಸೇರಿದಂತೆ ಇಲ್ಲಿನ ಸೈನ್ಯದ ಠಾಣೆಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ, ಬಂದ ರಾಶಿ ಉತ್ತರಗಳನ್ನು ಪರಿಶೀಲಿಸಿ, 1863ರ ವರದಿಗೆ ಆಕೆ ತನ್ನ ಅಭಿಪ್ರಾಯಗಳನ್ನು ಬರೆದಳು. ಹತ್ತು ವರ್ಷಗಳ ಬಳಿಕ ಆ ಸಾವಿನ ಪ್ರಮಾಣ ಸಾವಿರಕ್ಕೆ 18ಕ್ಕೆ ಇಳಿದಿತ್ತು. ಬರುಬರುತ್ತ ಆಕೆಯ ದೃಷ್ಟಿ ಸೈನಿಕರಿಂದ ಹಳ್ಳಿಯ ಜನರತ್ತ ಹರಿಯಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಅಸುನೀಗಿದರು. ದಕ್ಷಿಣದ ಈ ಸಂಕಟವನ್ನು ಕುರಿತು ಆಕೆ 1878ರಲ್ಲಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದು, ರೈತರ ಸಾಲ ಮತ್ತು ನೀರಾವರಿಗಳ ಕಡೆ ಆಳುವವರ ಗಮನ ಸೆಳೆದಳು. ಹಳ್ಳಿಗಳ ನೈರ್ಮಲ್ಯವನ್ನು ಜನರ ಮೇಲೆ ಹೇರದೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಕಲಿಸಬೇಕೆಂಬುದು ಆಕೆಯ ಹಂಬಲವಾಗಿತ್ತು. ಇಂಗ್ಲೆಂಡಿನಲ್ಲಿ 1892ರಲ್ಲಿ ಮನೆಮನೆಗೆ ಹೋಗಿ ಆರೋಗ್ಯದ ತಿಳಿವಳಿಕೆ ನೀಡುವ ಮಹಿಳೆಯರಿಗೆ ತರಬೇತಿ ಕೊಡಿಸಿದಳು. ಇಂದು ನಮ್ಮ ಹಳ್ಳಿಗಳಲ್ಲಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರನ್ನು ಕಂಡಾಗ ಆ ಯೋಚನೆ ನೆನಪಾಗದಿರದು.

ಮುಪ್ಪಿನಲ್ಲಿ ಆಕೆಯ ದೃಷ್ಟಿ ಮಂದವಾಗುತ್ತ ಬಂದು ಕೊನೆಗೆ ಪೂರ್ಣವಾಗಿ ಹೋಯಿತು. ಜೀವನವಿಡೀ ನೋಡುವುದನ್ನೇ ಕಲಿಸಿದವಳಿಗೆ ಲೋಕ ಕಾಣದಾಯಿತು. 1907ರಲ್ಲಿ ಬ್ರಿಟಿಷ್ ಅರಸ ಆಕೆಗೆ ಆರ್ಡರ್ ಆಫ್ ಮೆರಿಟ್ ಎಂಬ ಉನ್ನತ ಗೌರವವನ್ನಿತ್ತ. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. 1910ರ ಆಗಸ್ಟ್ 13ರಂದು, ತೊಂಬತ್ತು ವರ್ಷದ ತುಂಬುಜೀವನ ನಡೆಸಿ, ನಿದ್ದೆಯಲ್ಲಿಯೇ ಕೊನೆಯುಸಿರೆಳೆದಳು. ರಾಷ್ಟ್ರದ ಮಹಾಪುರುಷರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಗೆ ಸ್ಥಳ ನೀಡಲು ಸರ್ಕಾರ ಮುಂದೆ ಬಂದರೂ, ಆಕೆಯ ಇಚ್ಛೆಯಂತೆ ಬಂಧುಗಳು ಅದನ್ನು ಒಪ್ಪಲಿಲ್ಲ. ಈಸ್ಟ್ ವೆಲೋ ಎಂಬ ಹಳ್ಳಿಯಲ್ಲಿ ತಂದೆತಾಯಿಗಳ ಮಗ್ಗುಲಲ್ಲೇ ಆಕೆಯನ್ನು ಮಣ್ಣುಮಾಡಿದರು. ಸಮಾಧಿಯ ಮೇಲೆ ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ಮತ್ತು ಮಡಿದ ದಿನಾಂಕಗಳು ಇವಿಷ್ಟನ್ನೇ ಕೆತ್ತಿದ್ದಾರೆ.

ಆಕೆ ಹುಟ್ಟಿದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಶ್ರೇಷ್ಠ ಸೇವೆ ಸಲ್ಲಿಸಿದ ದಾದಿಯರಿಗೆ ಭಾರತ ಸರ್ಕಾರ ಆಕೆಯ ಹೆಸರಿನ ಪ್ರಶಸ್ತಿಯನ್ನು 1973ರಲ್ಲಿ ಸ್ಥಾಪಿಸಿತು. ದಾದಿಯಾಗುವುದು ಎಲ್ಲರ ಪಾಲಿಗೂ ಬರುವುದಿಲ್ಲ. ಆದರೆ ಕಾಯಿಲೆಯವರ ಬಳಿ ಕುಳಿತುಕೊಳ್ಳುವ ಸರದಿ ಒಂದಲ್ಲ ಒಂದು ದಿನ ಎಲ್ಲರಿಗೂ ಬರುತ್ತದೆ. ಆಗ ಕಣ್ಣೀರಿಗಿಂತ ತೆರೆದ ಕಣ್ಣು, ಆತುರಕ್ಕಿಂತ ಅರಿವು ರೋಗಿಗೆ ಹೆಚ್ಚು ಆಸರೆಯಾಗುತ್ತವೆ. ಮಮತೆ ಎಣ್ಣೆಯಾದರೆ ತಿಳಿವಳಿಕೆ ಬತ್ತಿ; ಎರಡೂ ಕೂಡಿದಾಗಲೇ ದೀಪ ಉರಿಯುತ್ತದೆ.